ಅವರು ಗುವಾಂಗ್‌ಝೌನಲ್ಲಿ, ಒಟಿಪಿ ಅವರ ಫೋನಿನಲ್ಲಿ

ಓದುಗರ ಪ್ರಶ್ನೆ:

"ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ನನಗೆ 34 ವರ್ಷ. ಇಲ್ಲೇ ಒಂದು ಸಹಕಾರಿ ಸಂಘದಲ್ಲಿ ಕ್ಲಾರ್ಕ್. ಗಂಡ ಏಳು ವರ್ಷದಿಂದ ಶಾರ್ಜಾದಲ್ಲಿ, ಟೈಲ್ಸ್ ಮತ್ತು ಬಾತ್‌ರೂಮ್ ಸಾಮಾನಿನ ಕಂಪನಿಯೊಂದರಲ್ಲಿದ್ದಾರೆ. ಕಳೆದ ವರ್ಷ ಅವರನ್ನು ಖರೀದಿ ವಿಭಾಗಕ್ಕೆ ಹಾಕಿದರು. ಈಗ ತಿಂಗಳಲ್ಲಿ ಹತ್ತು-ಹನ್ನೆರಡು ದಿನ ಚೀನಾ, ವಿಯೆಟ್ನಾಂ ಅಂತ ತಿರುಗಾಟ. ಸಂಬಳ 9,500 ದಿರ್ಹಮ್ ಆಗಿದೆ, ಅದರಲ್ಲಿ 3,500 ಮನೆಗೆ ಕಳಿಸುತ್ತಾರೆ. ಮಗಳು ಮೂರನೇ ಕ್ಲಾಸು, ಕನ್ನಡ ಮಾಧ್ಯಮ. ಅತ್ತೆಗೆ 71. ಒಂದೂವರೆ ಎಕರೆ ಅಡಿಕೆ ತೋಟ ಇದೆ. 'ಫ್ಯಾಮಿಲಿ ವೀಸಾ ಮಾಡಿಸ್ತೇನೆ, ಬನ್ನಿ' ಅಂತ ಅವರು ಹೇಳುತ್ತಿದ್ದಾರೆ. ವರ್ಷಕ್ಕೆ 36,000 ದಿರ್ಹಮ್ ಬಾಡಿಗೆಯ ಮನೆ ನೋಡಿದ್ದಾರೆ. ಶಾಲೆಗೆ 10,000, ಬಸ್ಸಿಗೆ 4,000 ಅಂತೆ. ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೋಗದಿದ್ದರೆ ಸಂಸಾರ ಕೈತಪ್ಪುತ್ತದೆ ಅಂತ ಒಬ್ಬರು. ಹೋದರೆ ಮಗು ಕನ್ನಡ ಮರೆಯುತ್ತದೆ ಅಂತ ಇನ್ನೊಬ್ಬರು. ಇಷ್ಟು ಊರು ಸುತ್ತಿದರೆ ಅವರ ವೀಸಾನೇ ಹೋಗುತ್ತದೆ, ನಿನಗೆ ಕಳಿಸುವ ದುಡ್ಡಿಗೆ ಟ್ಯಾಕ್ಸ್ ಬೀಳುತ್ತದೆ ಅಂತ ಮತ್ತೊಬ್ಬರು. ನನ್ನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದೆ, ಅದಕ್ಕೂ ಏನೋ ತಕರಾರಂತೆ. ಏನು ಮಾಡಲಿ?"

ಉತ್ತರ:

ನಿಮ್ಮ ಕಾಗದ ಓದಿದಾಗ ನನಗೆ ಮೊದಲು ನೆನಪಾದದ್ದು ಒಂದು ಗ್ಯಾಸ್ ಸಿಲಿಂಡರ್. 1999. ನಾನಾಗ ಶಾರ್ಜಾದಲ್ಲಿ ಯಂತ್ರದ ಬಿಡಿಭಾಗ ಮಾರುವ ಕಂಪನಿಯಲ್ಲಿದ್ದೆ. ಸಾಮಾನು ನೋಡಲು ಸಿಂಗಾಪುರಕ್ಕೆ ಹೋಗಿದ್ದೆ. ಹೆಂಡತಿ ಊರಿಂದ ಬಂದು ಮೂರು ವಾರ ಆಗಿತ್ತಷ್ಟೆ, ಜೊತೆಗೆ ಎರಡು ವರ್ಷದ ಮಗ. ರಾತ್ರಿ ಗ್ಯಾಸ್ ಮುಗಿಯಿತು. ಸಿಲಿಂಡರ್ ತರುವವನ ನಂಬರ್ ನನ್ನ ಡೈರಿಯಲ್ಲಿ, ಡೈರಿ ನನ್ನ ಜೇಬಿನಲ್ಲಿ. ಅವಳು ಫೋನ್ ಕಾರ್ಡ್ ಹಾಕಿ ಕುಂಬಳೆಗೆ, ನನ್ನ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ದುಬೈಯ ದೇರಾದಲ್ಲಿದ್ದ ನನ್ನ ದೊಡ್ಡಪ್ಪನ ಮಗನಿಗೆ ಮಾಡಿದರು. ಅವನು ಟ್ಯಾಕ್ಸಿ ಹಿಡಿದು ಶಾರ್ಜಾಕ್ಕೆ ಬಂದು ಸಿಲಿಂಡರ್ ತರಿಸಿದ. ಶಾರ್ಜಾದ ಅಡುಗೆಮನೆಯ ಗ್ಯಾಸಿಗೆ ಕುಂಬಳೆಯಿಂದ ವ್ಯವಸ್ಥೆ!

ಈಗ ಊರಿಗೆ ಬಂದು ಕೂತು, ಹೊರದೇಶಕ್ಕೆ ಹೋಗುವವರ ಕಾಗದಪತ್ರದ ಕೆಲಸ ಮಾಡಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ನಿಮ್ಮಂಥ ಪ್ರಶ್ನೆ ತಿಂಗಳಿಗೆ ಒಂದಾದರೂ ಬರುತ್ತದೆ. ಎಲ್ಲರೂ ಕೇಳುವುದು "ಹೋಗಲಾ, ಇರಲಾ" ಅಂತ. ನಾನು ತಿರುಗಿ ಕೇಳುವುದು ಒಂದೇ: ಅವರು ಇಲ್ಲದ ಆ ಹನ್ನೆರಡು ದಿನ ಮನೆ ಯಾರ ಕೈಯಲ್ಲಿ ನಡೆಯುತ್ತದೆ? ಪೆರ್ಲದಲ್ಲಾದರೆ ನಿಮ್ಮ ಕೈಯಲ್ಲಿ. ಶಾರ್ಜಾದಲ್ಲಿ? ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಊರಿನವರು ಹೇಳಿದ್ದನ್ನು ಜಾಲಿಸೋಣ.

ಊರು ಸುತ್ತಿದರೆ ವೀಸಾ ಹೋಗುತ್ತದೆ ಅನ್ನುವುದು ಅರ್ಧ ಸತ್ಯ, ಅದೂ ತಪ್ಪು ಮನುಷ್ಯನ ಮೇಲೆ ಹಾಕಿದ್ದು. ಯುಎಇಯ ರೆಸಿಡೆನ್ಸ್ ವೀಸಾ ಸಾಮಾನ್ಯವಾಗಿ ರದ್ದಾಗುವುದು ಒಂದೇ ಸಮನೆ ಆರು ತಿಂಗಳಿಗಿಂತ ಜಾಸ್ತಿ ದೇಶದ ಹೊರಗಿದ್ದರೆ. ನಿಮ್ಮವರು ಹನ್ನೆರಡು ದಿನಕ್ಕೆ ವಾಪಸ್ ಬರುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಈ ನಿಯಮ ಕಚ್ಚುವುದು ನಿಮ್ಮನ್ನು. ಅತ್ತೆಗೆ ಹುಷಾರಿಲ್ಲ ಅಂತ ಬರುತ್ತೀರಿ. ಇವತ್ತು ಹೋಗೋಣ, ನಾಳೆ ಹೋಗೋಣ ಅಂತ ಏಳು ತಿಂಗಳಾಗುತ್ತದೆ. ಆಗ ನಿಮ್ಮ ಮತ್ತು ಮಗಳ ವೀಸಾ ಎರಡೂ ತೊಂದರೆಗೆ ಬೀಳುತ್ತವೆ. ಕಾರಣ ತೋರಿಸಿ ಮತ್ತೆ ಒಳಹೋಗಲು ಅನುಮತಿ ಕೇಳುವ ದಾರಿ ಇದೆ, ಆದರೆ ಅದಕ್ಕೆ ದುಡ್ಡೂ ಓಡಾಟವೂ ಬೇಕು. ಹೋಗುವುದಾದರೆ ಊರಿಗೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಐದನೇ ತಿಂಗಳಿಗೆ ಒಂದು ಗುರುತು ಹಾಕಿ.

ಟ್ಯಾಕ್ಸ್ ಮಾತೂ ಹೆಚ್ಚುಕಡಿಮೆ ಹೀಗೇ. ಮನೆಖರ್ಚಿಗೆ ಗಂಡ ಹೆಂಡತಿಗೆ ಕಳಿಸುವ ದುಡ್ಡಿಗೆ ತೆರಿಗೆ ಇಲ್ಲ. ಆದರೆ ಅದನ್ನು ನೀವು ನಿಮ್ಮ ಹೆಸರಲ್ಲಿ ಎಫ್‌ಡಿ ಇಟ್ಟರೆ ಬರುವ ಬಡ್ಡಿಯನ್ನು ಅವರ ಆದಾಯಕ್ಕೆ ಸೇರಿಸಿ ಲೆಕ್ಕ ಹಾಕುತ್ತಾರೆ. ಅದಕ್ಕಿಂತ ಅವರ ಎನ್‌ಆರ್‌ಇ ಖಾತೆಯಲ್ಲೇ (ಹೊರಗೆ ದುಡಿದ ಹಣ ಇಡಲು ಎನ್‌ಆರ್‌ಐಗಳಿಗೆ ಇರುವ ಖಾತೆ) ಇಡುವುದು ಒಳ್ಳೆಯದು, ಆ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಚೀನಾದಲ್ಲಿದ್ದ ದಿನಗಳಿಂದ ಎನ್‌ಆರ್‌ಐ ಲೆಕ್ಕ ಕೆಡುತ್ತದಾ ಅಂತಲೂ ಕೆಲವರು ಕೇಳುತ್ತಾರೆ. ಇಲ್ಲ. ಇಲ್ಲಿಯ ಕಾನೂನು ಎಣಿಸುವುದು ಅವರು ಭಾರತದಲ್ಲಿ ಎಷ್ಟು ದಿನ ಇದ್ದರು ಅಂತ. ಹೊರಗಿದ್ದ ದಿನ ಶಾರ್ಜಾದಲ್ಲಿ ಕಳೆದರೋ ಹನೋಯ್‌ನಲ್ಲಿ ಕಳೆದರೋ ಅದಕ್ಕೆ ಬೇಡ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದನ್ನು ನಾನೇ ಎತ್ತುತ್ತೇನೆ. ನಿಮ್ಮವರ ಹಳೆಯ ಸೇವಿಂಗ್ಸ್ ಖಾತೆ ಈಗಲೂ ಹಾಗೇ ಇದೆಯಾ? ಅಡಿಕೆ ಕೊಟ್ಟ ದುಡ್ಡು ಅದಕ್ಕೇ ಬೀಳುತ್ತದಾ? ನಮ್ಮ ಕಡೆ ಹತ್ತು ಮನೆಯಲ್ಲಿ ಏಳರ ಕಥೆ ಇದು. ಹೊರಗೆ ದುಡಿಯುವವರು ಸಾಮಾನ್ಯ ಸೇವಿಂಗ್ಸ್ ಖಾತೆ ಇಟ್ಟುಕೊಳ್ಳುವಂತಿಲ್ಲ, ಅದನ್ನು ಎನ್‌ಆರ್‌ಒ, ಅಂದರೆ ಊರಿನ ಆದಾಯ ಇಡಲು ಎನ್‌ಆರ್‌ಐಗಳಿಗೆ ಇರುವ ಖಾತೆ, ಮಾಡಿಸಬೇಕು. ನೀವು ಸಂಘದಲ್ಲೇ ಕೆಲಸ ಮಾಡುವವರು, ನಿಮಗೆ ನಾನು ಹೇಳಬೇಕಾ!

ಇನ್ನು ಒಂದೇ ಹೆಸರಿನ ವಿಷಯ. ಇದು ಸುಳ್ಳಲ್ಲ. 2022ರ ನವೆಂಬರಿನಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಯುಎಇಯವರು ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುವುದಿಲ್ಲ ಅಂದರು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತೇವೆ ಅಂತ ಸಡಿಲ ಮಾಡಿದರು. ಆದರೂ ಏರ್‌ಪೋರ್ಟ್ ಕೌಂಟರಿನಲ್ಲಿ ನಿಂತು ವಾದ ಮಾಡುವುದು ಯಾಕೆ? ನಮ್ಮಲ್ಲಿ ತೊಂದರೆ ಹುಟ್ಟುವುದು ಇನಿಶಿಯಲ್‌ನಿಂದ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಮುಂದೆ ಬರೀ "ಕೆ." ಇರುತ್ತದೆ. ಅದು ತಂದೆಯ ಹೆಸರಾ, ಮನೆಯ ಹೆಸರಾ, ಊರಿನ ಹೆಸರಾ ಅಂತ ಬರೆದವರಿಗೂ ಗೊತ್ತಿಲ್ಲ. ಆಧಾರಿನಲ್ಲಿ ಅದೂ ಇಲ್ಲ. ಮದುವೆ ಸರ್ಟಿಫಿಕೇಟಿನಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಹೋಗುವುದೋ ಬಿಡುವುದೋ ಆಮೇಲೆ, ನಿಮ್ಮ ಮತ್ತು ಮಗಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ತುಂಬಿಸಿ ಹೊಸದು ಮಾಡಿಸಿಬಿಡಿ. ಕಾಸರಗೋಡು ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲೇ ಆಗುತ್ತದೆ, ಅಲ್ಲಿ ದಿನ ಸಿಗದಿದ್ದರೆ ಪಯ್ಯನ್ನೂರು ಇದೆ. ಗಂಡನ ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರು ಹೇಗಿದೆಯೋ ಹಾಗೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಬರಲಿ.

ಅಟೆಸ್ಟೇಶನ್, ಅಂದರೆ ಕಾಗದಪತ್ರ ಅಸಲಿ ಅಂತ ಸರ್ಕಾರದ ಮುದ್ರೆ ಹಾಕಿಸುವುದರ ಬಗ್ಗೆ ಎರಡು ಮಾತು. ಮದುವೆ ಸರ್ಟಿಫಿಕೇಟಿಗೆ ಕೇರಳದ ಗೃಹ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಇಲಾಖೆ, ಹೀಗೆ ಸಾಲಾಗಿ ಮುದ್ರೆ ಬೀಳಬೇಕು. ಮಗಳ ಜನನ ಪತ್ರಕ್ಕೂ ಹಾಗೇ. ಅಪೊಸ್ಟಿಲ್ (ವಿದೇಶಾಂಗ ಸಚಿವಾಲಯ ಹಾಕುವ ಒಂದೇ ಮುದ್ರೆ) ಸಾಕು ಅನ್ನುವ ಏಜೆಂಟರ ಮಾತು ಯುಎಇಗೆ ನಡೆಯುವುದಿಲ್ಲ. ಹೊರಗಿರುವ ಕೇರಳದವರಿಗಾಗಿ ಕೇರಳ ಸರ್ಕಾರ ನಡೆಸುವ ನೋರ್ಕಾದ ಕೋಝಿಕ್ಕೋಡ್ ಕಚೇರಿ ಮೂಲಕ ಮಾಡಿಸಬಹುದು. ಫಾರಂ ಮಲಯಾಳದಲ್ಲಿರುತ್ತದೆ ಅಂತ ನಮ್ಮವರು ಆ ಕಡೆ ತಲೆಹಾಕದೆ ಏಜೆಂಟರಿಗೆ ಎರಡು ಪಟ್ಟು ಕೊಡುತ್ತಾರೆ. ನನಗೆ ಅದು ನೋಡಿದಾಗಲೆಲ್ಲ ಬೇಜಾರು. ಏಜೆಂಟರ ಕೆಲಸವನ್ನೇ ಮಾಡುವವನು ಹೀಗೆ ಹೇಳುವುದು ವಿಚಿತ್ರ, ಇರಲಿ.

ಸಂಬಳದ ಅರ್ಹತೆ ನಿಮಗೆ ಅಡ್ಡಿಯೇ ಅಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು 4,000 ದಿರ್ಹಮ್ ಸಂಬಳ, ಅಥವಾ 3,000 ಮತ್ತು ವಸತಿ ಇದ್ದರೆ ಸಾಕು. ವೀಸಾ ಸಿಗುತ್ತದೆ. ಆದರೆ ವೀಸಾ ಸಿಕ್ಕಿತು ಅಂದರೆ ಬದುಕು ನಡೆಯಿತು ಅಂತಲ್ಲ. ಒಂದು ಚೀಟಿಯಲ್ಲಿ ಬರೆದು ನೋಡಿ. ವರ್ಷದ ಸಂಬಳ 1,14,000. ಬಾಡಿಗೆ, ಶಾಲೆ, ಬಸ್ಸು ಸೇರಿ 50,000. ಉಳಿದದ್ದು 64,000, ಅಂದರೆ ತಿಂಗಳಿಗೆ 5,300ರಷ್ಟು. ಊರಿಗೆ ಕಳಿಸುವ 3,500 ಕಳೆದರೆ ಕೈಯಲ್ಲಿ ಉಳಿಯುವುದು 1,800 ಚಿಲ್ಲರೆ. ಅಕ್ಕಿ, ಮೀನು, ತರಕಾರಿ, ಬೇಸಿಗೆಯ ಎಸಿ ಬಿಲ್, ಫೋನು, ನಿಮ್ಮಿಬ್ಬರ ಇನ್ಶೂರೆನ್ಸು, ವರ್ಷಕ್ಕೊಮ್ಮೆ ಮೂರು ಟಿಕೆಟು, ಎಲ್ಲ ಇದರೊಳಗೆ. ಕಷ್ಟ. ಜೊತೆಗೆ ಬಾಡಿಗೆಯನ್ನು ಅಲ್ಲಿ ತಿಂಗಳು ತಿಂಗಳು ಕೊಡುವುದು ಕಡಿಮೆ. ವರ್ಷದ್ದನ್ನು ಮೂರೋ ನಾಲ್ಕೋ ಚೆಕ್‌ನಲ್ಲಿ ಮುಂಚಿತವಾಗಿ ಬರೆದುಕೊಡುತ್ತಾರೆ. ಇಲ್ಲಿ ನಿಮ್ಮ ಸಂಬಳವೂ ನಿಲ್ಲುತ್ತದಲ್ವಾ, ಅದನ್ನು ಈ ಚೀಟಿಯಲ್ಲಿ ನೀವಿಬ್ಬರೂ ಬರೆದಿಲ್ಲ ಅಂತ ನನಗೆ ಅನುಮಾನ. ಕಂಪನಿ ಮನೆ ಬಾಡಿಗೆಯೋ ಶಾಲೆ ಫೀಸೋ ಯಾವುದಾದರೂ ಒಂದನ್ನು ಹೊತ್ತರೆ ಲೆಕ್ಕವೇ ಬೇರೆ. ಖರೀದಿ ವಿಭಾಗಕ್ಕೆ ಹಾಕಿ ತಿರುಗಾಡಿಸುವ ಕಂಪನಿಯ ಹತ್ತಿರ ಅದನ್ನು ಕೇಳಲು ನಿಮ್ಮವರಿಗೆ ಹಕ್ಕಿದೆ. ಕೇಳಲಿ.

ಈಗ ಆ ಹನ್ನೆರಡು ದಿನ. ಎರಡು ವರ್ಷದ ಹಿಂದೆ ಬದಿಯಡ್ಕ ಕಡೆಯ ಒಬ್ಬರು ಹೀಗೇ ಹೋದರು. ಗಂಡನದ್ದು ಇದೇ ಥರದ ತಿರುಗಾಟ. ಜುಲೈ ತಿಂಗಳು. ಗಂಡ ಚೀನಾದ ಗುವಾಂಗ್‌ಝೌಗೆ ಹೋಗುವ ವಿಮಾನದಲ್ಲಿದ್ದಾಗ ಅಲ್ಲಿಯ ಮನೆಯಲ್ಲಿ ಕರೆಂಟ್ ಹೋಯಿತು. ಬಿಲ್ ಕಟ್ಟಲು ಮರೆತಿದ್ದರು. ಖಾತೆ ಅವರ ಹೆಸರಲ್ಲಿ, ಕಾರ್ಡು ಅವರದ್ದು, ಒಟಿಪಿ ಬರುವುದು ಅವರ ಫೋನಿಗೆ, ಫೋನು ಆಕಾಶದಲ್ಲಿ. ಹೊರಗೆ 45 ಡಿಗ್ರಿ. ಆಕೆ ಮಗುವನ್ನು ಎತ್ತಿಕೊಂಡು ಕೆಳಗಿನ ಗ್ರಾಸರಿ ಅಂಗಡಿಯ ಎಸಿಯಲ್ಲಿ ಐದು ಗಂಟೆ ಕೂತಿದ್ದರು. ಅಂಗಡಿಯವರು ನಮ್ಮ ಕಡೆಯ ಉಪ್ಪಳದವರಾದ್ದರಿಂದ ಮಗುವಿಗೆ ಗಂಜಿ ಸಿಕ್ಕಿತು. 1999ರ ನನ್ನ ಡೈರಿ ಈಗ ಒಟಿಪಿ ಆಗಿದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಹೋಗುವುದಾದರೆ ಈ ಶರತ್ತುಗಳನ್ನು ಗಂಡನ ಮುಂದೆ ಇಡಿ. ನಿಮ್ಮ ಎಮಿರೇಟ್ಸ್ ಐಡಿ (ಅಲ್ಲಿಯ ಗುರುತಿನ ಚೀಟಿ) ಮೇಲೆ ನಿಮ್ಮದೇ ಸಿಮ್. ನಿಮ್ಮದೇ ಬ್ಯಾಂಕ್ ಖಾತೆ, ಅದರಲ್ಲಿ ಎರಡು ತಿಂಗಳ ಖರ್ಚು. ಅವರ ಖಾತೆಯ ಎರಡನೇ ಕಾರ್ಡು ಕೊಟ್ಟರೆ ಸಾಲದು, ಅದರ ಒಟಿಪಿ ಬಹಳ ಸಲ ಅವರಿಗೇ ಹೋಗುತ್ತದೆ. ಅಕಸ್ಮಾತ್ ಅವರಿಗೇ ಏನಾದರೂ ಆದರೆ ಅಲ್ಲಿಯ ಬ್ಯಾಂಕುಗಳು ಖಾತೆಯನ್ನು ತಡೆಹಿಡಿಯುತ್ತವೆ. ಇದನ್ನು ಗಂಡ ಹೆಂಡತಿ ಕೂತು ಮಾತಾಡುವುದು ಕಷ್ಟ ಅಂತ ಗೊತ್ತು. ಆದರೂ ಮಾತಾಡಿ. ಪಾಸ್‌ಪೋರ್ಟುಗಳು, ಬಾಡಿಗೆ ಕರಾರು, ಇನ್ಶೂರೆನ್ಸ್ ಕಾರ್ಡು ಮನೆಯಲ್ಲಿರಲಿ, ಆಫೀಸಿನ ಡ್ರಾಯರಿನಲ್ಲಿ ಬೇಡ. ಪಕ್ಕದ ಎರಡು ಮನೆಯವರ ಪರಿಚಯ ಮೊದಲ ವಾರವೇ ಆಗಲಿ.

ಕೆಲಸ ಹೋದರೆ ಅನ್ನುವ ಭಯವೂ ಇರಬೇಕು. ನಿಮ್ಮ ವೀಸಾ ಅವರ ವೀಸಾಕ್ಕೆ ಕಟ್ಟಿದ ಹಗ್ಗ. ಅವರದ್ದು ರದ್ದು ಮಾಡುವ ಮೊದಲು ನಿಮ್ಮದನ್ನು ರದ್ದು ಮಾಡಬೇಕು ಅಥವಾ ತಡೆದಿಡಬೇಕು. ಶಾಲೆಯ ವರ್ಷದ ನಡುವೆ ಹೀಗಾದರೆ ಮಗು ಎರಡೂ ಕಡೆ ಇಲ್ಲದಂತಾಗುತ್ತದೆ. ನಿಮ್ಮ ಸಂಘದಲ್ಲಿ ರಾಜೀನಾಮೆ ಕೊಡಬೇಡಿ. ಸಂಬಳವಿಲ್ಲದ ರಜೆ ಎಷ್ಟು ವರ್ಷ ಕೊಡುತ್ತಾರೆ ಅಂತ ಕೇಳಿ, ಬಾಯಿಮಾತಲ್ಲ, ಆರ್ಡರ್ ಕಾಗದದಲ್ಲಿ ತೆಗೆದುಕೊಳ್ಳಿ.

ಮಗಳ ಕನ್ನಡದ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಊರಿನ ಮಕ್ಕಳು ಭಾಷೆಗೆ ಹೆದರುವವರಲ್ಲ. ನಾನು ನೋಡಿದ ಮಟ್ಟಿಗೆ ಮೊದಲು ಮರೆಯುವುದು ಬರೆಯುವುದನ್ನು. ಒತ್ತಕ್ಷರ ಹೋಗುತ್ತದೆ, ಆಮೇಲೆ ಓದುವ ವೇಗ. ಅಮ್ಮ ಮನೆಯಲ್ಲಿ ಆಡುತ್ತಿದ್ದರೆ ಮಾತು ಹೋಗುವುದಿಲ್ಲ. ದುಬೈಯಲ್ಲಿ ವಾರದ ರಜೆಯಲ್ಲಿ ನಡೆಯುವ ಕನ್ನಡ ಪಾಠಶಾಲೆ ಇದೆ, ನಮ್ಮವರೇ ನಡೆಸುತ್ತಾರೆ. ನಿಜವಾದ ತೊಂದರೆ ಬೇರೆ. ಕನ್ನಡ ಮಾಧ್ಯಮದಿಂದ ಒಮ್ಮೆಲೇ ಇಂಗ್ಲಿಷ್ ಮಾಧ್ಯಮದ ನಾಲ್ಕನೇ ಕ್ಲಾಸು, ಜೊತೆಗೆ ಹಿಂದಿ, ಜೊತೆಗೆ ಕಡ್ಡಾಯ ಅರೇಬಿಕ್. ಅಲ್ಲಿಯ ಖಾಸಗಿ ಶಾಲೆಗಳಲ್ಲಿ ಒಂಬತ್ತರವರೆಗೆ ಅರೇಬಿಕ್ ಕಲಿಯಲೇಬೇಕು. ಮೊದಲ ಆರು ತಿಂಗಳು ಮಗು ಮಾತು ಕಡಿಮೆ ಮಾಡುತ್ತದೆ. ಆ ಸಮಯದಲ್ಲಿ ಅಪ್ಪ ಶಾರ್ಜಾದಲ್ಲಿ ಇಲ್ಲದಿದ್ದರೆ ಎಲ್ಲ ನಿಮ್ಮ ಮೇಲೆಯೇ ಬೀಳುತ್ತದೆ.

ಸಂಸಾರ ಕೈತಪ್ಪುತ್ತದೆ ಅನ್ನುವವರಿಗೆ ಏನು ಹೇಳುವುದು? ಚೀನಾಕ್ಕೆ ಹೋಗುವ ಗಂಡಸರ ಬಗ್ಗೆ ಊರಿನಲ್ಲಿ ಓಡಾಡುವ ಕಥೆಗಳು ನನ್ನ ಕಿವಿಗೂ ಬಿದ್ದಿವೆ. ನನ್ನ ಮೇಜಿನ ಮುಂದೆ ಕೂತು ಅತ್ತವರಲ್ಲಿ ಹೆಚ್ಚಿನವರ ತೊಂದರೆ ಅದಾಗಿರಲಿಲ್ಲ. ನಾಲ್ಕು ದಿನ ಫೋನ್ ಬರಲಿಲ್ಲ ಅನ್ನುವುದಾಗಿತ್ತು. ಇದಕ್ಕೆ ಕಾರಣ ಬಹಳ ಸಲ ತಂತಿಯದ್ದು, ಮನಸ್ಸಿನದ್ದಲ್ಲ. ಚೀನಾದಲ್ಲಿ ವಾಟ್ಸ್‌ಆ್ಯಪ್ ಬಂದ್, ಗೂಗಲ್ ಬಂದ್. ಹೋಟೆಲಿನ ವೈಫೈ ಹಿಡಿದರೆ ಮೆಸೇಜ್ ಹೋಗುವುದೇ ಇಲ್ಲ. ಯುಎಇ ಸಿಮ್ಮನ್ನು ರೋಮಿಂಗ್‌ನಲ್ಲಿ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಅವರು ಊರಿಗೆ ಬಂದಾಗ ನಿಮ್ಮ ಫೋನಿನಲ್ಲೂ ಚೀನಾದಲ್ಲಿ ನಡೆಯುವ ವಿಚಾಟ್ ಆ್ಯಪ್ ಹಾಕಿಸಿಕೊಳ್ಳಿ. ಶಾರ್ಜಾದಿಂದ ವಾಟ್ಸ್‌ಆ್ಯಪ್ ಕಾಲ್ ನಡೆಯುವುದಿಲ್ಲ, ಬೋಟಿಮ್ ಆ್ಯಪ್ ಬೇಕು ಅನ್ನುವುದು ಏಳು ವರ್ಷದಲ್ಲಿ ನಿಮಗೆ ಗೊತ್ತೇ ಇದೆ. ಇನ್ನು ಗಂಟೆ. ಪೆರ್ಲದಲ್ಲಿ ಮಗಳು ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಫೋನ್ ಹಿಡಿದರೆ ಶಾರ್ಜಾದಲ್ಲಿ ಏಳೂವರೆ, ಒಳ್ಳೆಯ ಸಮಯ. ಗುವಾಂಗ್‌ಝೌನಲ್ಲಿ ಹನ್ನೊಂದೂವರೆ. ಇಡೀ ದಿನ ಫ್ಯಾಕ್ಟರಿ ಸುತ್ತಿದ ಮನುಷ್ಯ "ಹೂಂ, ಹೂಂ" ಅನ್ನುತ್ತಾರೆ, ನಿಮಗೆ ಸಿಟ್ಟು ಬರುತ್ತದೆ. ಅವರು ಆ ಕಡೆ ಹೋದ ದಿನಗಳಲ್ಲಿ ಮಗಳು ಶಾಲೆಗೆ ಹೊರಡುವ ಮೊದಲು, ಬೆಳಿಗ್ಗೆ ಏಳಕ್ಕೆ ಮಾತಾಡಿ. ಅಲ್ಲಿ ಆಗ ಒಂಬತ್ತೂವರೆ.

ಇಷ್ಟೆಲ್ಲ ಆದ ಮೇಲೆ ನಾನು ನಿಮ್ಮ ಜಾಗದಲ್ಲಿದ್ದರೆ? ಈ ಏಪ್ರಿಲ್‌ಗೆ ಗಂಟುಮೂಟೆ ಕಟ್ಟುತ್ತಿರಲಿಲ್ಲ. ಮೊದಲು ವಿಸಿಟ್ ವೀಸಾದಲ್ಲಿ ಹೋಗಿ ಇದ್ದು ನೋಡುತ್ತಿದ್ದೆ. 30 ಅಥವಾ 60 ದಿನದ್ದು ಸಿಗುತ್ತದೆ. ಆದರೆ ದಿನ ನೋಡಿಕೊಳ್ಳಿ. ನಮ್ಮ ಶಾಲೆಗಳ ರಜೆ ಏಪ್ರಿಲ್-ಮೇ. ಖರೀದಿಯವರು ಸೇರುವ ದೊಡ್ಡ ವ್ಯಾಪಾರ ಮೇಳ, ಗುವಾಂಗ್‌ಝೌನ ಕ್ಯಾಂಟನ್ ಮೇಳ, ಏಪ್ರಿಲ್ 15ರಿಂದ ಮೇ 5. ಅದರಲ್ಲೂ ಕಟ್ಟಡ ಸಾಮಗ್ರಿ, ಬಾತ್‌ರೂಮ್ ಸಾಮಾನಿನ ಸುತ್ತು ಬರುವುದು 23ರಿಂದ 27ರ ನಡುವೆ. ಮೇಳ ಮುಗಿಸಿ ಪಕ್ಕದ ಫೋಶಾನ್‌ಗೆ ಟೈಲ್ಸ್ ಫ್ಯಾಕ್ಟರಿ ನೋಡಲು ಹೋಗದೆ ಯಾವ ಖರೀದಿಯವರೂ ಬರುವುದಿಲ್ಲ. ಅಂದರೆ ಮಗಳಿಗೆ ರಜೆ ಸಿಕ್ಕಿದಾಗಲೇ ಅಪ್ಪ ಅಲ್ಲಿ! ಶರತ್ಕಾಲದ ಮೇಳ ಅಕ್ಟೋಬರ್ 15ರಿಂದ ನವೆಂಬರ್ 4, ದೀಪಾವಳಿಯ ಆಸುಪಾಸು. ಕಳೆದ ವರ್ಷ ದೀಪಾವಳಿಗೆ ಅವರು ಬರಲಿಲ್ಲ ಅಂತ ನೀವು ಬೇಜಾರು ಮಾಡಿಕೊಂಡಿದ್ದರೆ ಕಾರಣ ಇದೇ ಇರಬಹುದು. ಆದ್ದರಿಂದ ಮೇ 8-10ಕ್ಕೆ ಹೋಗಿ, ಶಾಲೆ ಶುರುವಾಗುವ ಮೊದಲು ಬನ್ನಿ. ಬಿಸಿಲು ಜೋರು, ಆದರೆ ಅಪ್ಪ ಸಿಗುತ್ತಾರೆ. ಕ್ರಿಸ್ಮಸ್ ರಜೆ ಇನ್ನೂ ಒಳ್ಳೆಯದು, ಆಗ ಅಲ್ಲಿ ಸಂಜೆ ಹೊರಗೆ ನಡೆಯಬಹುದು. ಆ ದಿನಗಳಲ್ಲಿ ಮಾಲ್ ಸುತ್ತುವುದು ಬಿಟ್ಟು ಆ 36,000ದ ಮನೆ ನೋಡಿ, ಶಾಲೆಗೆ ಹೋಗಿ ಬನ್ನಿ, ಮಗಳನ್ನು ಕರೆದುಕೊಂಡು ನೀವೊಬ್ಬರೇ ತರಕಾರಿ ತನ್ನಿ.

ಅವರ ಜೊತೆ ಬಿಸಿನೆಸ್ ಟ್ರಿಪ್ಪಿಗೇ ಹೋಗಿಬರುವ ಆಸೆ ಇದ್ದರೆ ವಿಯೆಟ್ನಾಂ ಸುಲಭ. 2023ರ ಆಗಸ್ಟ್‌ನಿಂದ 90 ದಿನದ ಇ-ವೀಸಾ ಕೊಡುತ್ತಾರೆ. ಮೇಳದ ಸಮಯದ ಗುವಾಂಗ್‌ಝೌ ಬೇಡ, ಹೋಟೆಲ್ ದರ ಏರಿರುತ್ತದೆ, ಅವರು ನಿಮ್ಮ ಮುಖ ನೋಡುವುದಿಲ್ಲ.

ಇರುವುದೇ ಅಂತ ತೀರ್ಮಾನಿಸಿದರೆ, ಅಥವಾ ಒಂದೆರಡು ವರ್ಷ ಮುಂದೂಡಿದರೆ, ಇಲ್ಲಿಯ ಮನೆಯೂ ಪೂರ್ತಿ ನಿಮ್ಮ ಕೈಗೆ ಬರಲಿ. ತೋಟ ಅವರ ಹೆಸರಲ್ಲಿದ್ದರೆ ದುಬೈಯ ಭಾರತೀಯ ಕಾನ್ಸುಲೇಟಿನಲ್ಲಿ ಒಂದು ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಲಿ. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಹಾಕಿಸಬೇಕು. ಕಪಾಟಿನಲ್ಲಿಟ್ಟು ಮರೆತವರು ಬಹಳ ಮಂದಿ. ಹೋಗುವುದಾದರೂ ಇದೇ ಪ್ರಶ್ನೆ ಇದ್ದೇ ಇದೆ. ಮಳೆಗಾಲದ ಮೊದಲು ಕೊಳೆರೋಗಕ್ಕೆ ಔಷಧ ಬಿಡುವವರನ್ನು ಯಾರು ಕರೆಸುತ್ತಾರೆ, ಅವರ ಕೂಲಿ ಯಾರು ಕೊಡುತ್ತಾರೆ? 71 ವರ್ಷದ ಅತ್ತೆಯ ಕೈಯಲ್ಲಿ ಆಗುತ್ತದಾ? ಅವರನ್ನೂ ಕೇಳಿ ಅಲ್ವಾ. ನಿಮ್ಮ ಕಾಗದದಲ್ಲಿ ಎಲ್ಲರ ಅಭಿಪ್ರಾಯ ಇದೆ, ಅತ್ತೆಯದ್ದು ಮಾತ್ರ ಇಲ್ಲ.

ಕೊನೆಗೆ ಪೆಟ್ಟಿಗೆಯ ವಿಷಯ. ವಿಸಿಟ್‌ಗೆ ಹೋಗುವಾಗಲೂ ಅಷ್ಟೇ, ಅತ್ತೆಯವರು ಪ್ರೀತಿಯಿಂದ ಉಪ್ಪಿನಕಾಯಿ, ಹಪ್ಪಳ, ಬೆಲ್ಲ ಕಟ್ಟಿಕೊಡುತ್ತಾರೆ. ಎಲ್ಲ ತೆಗೆದುಕೊಂಡು ಹೋಗಿ. ಆದರೆ ಪಾಯಸಕ್ಕೆ ಅಂತ ಗಸಗಸೆಯ ಪೊಟ್ಟಣ ಒಳಗೆ ಸೇರಿಸಿದ್ದಾರಾ ಅಂತ ಎರಡು ಸಲ ನೋಡಿ. ಯುಎಇಯಲ್ಲಿ ಅದು ನಿಷೇಧಿತ ವಸ್ತು, ಮಾದಕ ಪದಾರ್ಥದ ಸಾಲಿನಲ್ಲಿ ಬರುತ್ತದೆ. ಕೆಮ್ಮಿಗೆ ಕೊಡುವ ಕೊಡೀನ್ ಇರುವ ಸಿರಪ್, ನರದ ನೋವಿಗೆ ಕೊಡುವ ಪ್ರಿಗಾಬಾಲಿನ್ ಮಾತ್ರೆ ಇವಕ್ಕೂ ಮೊದಲೇ ಆನ್‌ಲೈನಿನಲ್ಲಿ ಅನುಮತಿ ತೆಗೆದುಕೊಳ್ಳಬೇಕು, ಡಾಕ್ಟರ ಚೀಟಿ ಜೊತೆಗಿರಬೇಕು. ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯನ್ನು ನೀವೇ ಒಮ್ಮೆ ಪೂರ್ತಿ ಬಿಚ್ಚಿ ಕಟ್ಟಿ.